ವಕೀಲರು ಮಾಡಿದ ಬ್ಯಾಟರಿ

ಮಕ್ಕಳೇ, ಅಲ್ ವುಕೈರ್ ರಸ್ತೆಯಲ್ಲಿ ಎಷ್ಟೊಂದು ಕಾರು ನೋಡ್ತೀರಿ! ಹೊಗೆಯ ಬದಲು ಬರೀ ನೀರು ಬಿಡುವ ಕಾರೂ ಇದೆ ಗೊತ್ತಾ? ಅದರ ಮೂಲಪುರುಷ ವಿಲಿಯಂ ಗ್ರೋವ್.

ಅವರು 1811ರಲ್ಲಿ ವೇಲ್ಸ್‌ನ ಸ್ವಾನ್ಸೀಯಲ್ಲಿ ಹುಟ್ಟಿದರು. ಓದಿದ್ದು ಕಾನೂನು. ಆರೋಗ್ಯ ಕೆಟ್ಟಾಗ ವಿಜ್ಞಾನದ ಕಡೆ ಹೊರಳಿದರು. ಕರೆಂಟು ಹರಿಸಿದರೆ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗುತ್ತೆ. ಇದನ್ನೇ ತಿರುಗಿಸಿದರೆ? ಆಸಿಡ್ಡಿನಲ್ಲಿ ಎರಡು ಪ್ಲಾಟಿನಂ ಪಟ್ಟಿ ಇಟ್ಟು, ಒಂದಕ್ಕೆ ಹೈಡ್ರೋಜನ್, ಇನ್ನೊಂದಕ್ಕೆ ಆಕ್ಸಿಜನ್ ತಾಗಿಸಿದರು. ಕರೆಂಟು ಬಂತು, ನೀರೂ ಆಯ್ತು! ಅದೇ ಇಂದಿನ ಫ್ಯುಯೆಲ್ ಸೆಲ್.

ಆದರೆ ಕರೆಂಟು ತೀರಾ ಕಡಿಮೆ, ಯಾರಿಗೂ ಬೇಕಾಗಲಿಲ್ಲ. ಗ್ರೋವ್ ಮತ್ತೆ ವಕೀಲರಾದರು, ಜಡ್ಜೂ ಆದರು. 1896ರಲ್ಲಿ ತೀರಿಕೊಂಡರು. 1970ರ ಹೊತ್ತಿಗೆ ಕಾರ್ಲ್ ಕೊರ್ಡೆಶ್ ಪುಟ್ಟ ಆಸ್ಟಿನ್ ಕಾರಿಗೆ ಫ್ಯುಯೆಲ್ ಸೆಲ್ ಕೂರಿಸಿ ಓಡಿಸಿದರು.

ನಿಮ್ಮ ಪ್ರಯೋಗ ಇವತ್ತು ಉಪಯೋಗಕ್ಕೆ ಬರದಿದ್ದರೂ ಬರೆದಿಡಿ. ನಾಳೆ ಯಾರಿಗೋ ಬೇಕಾಗುತ್ತೆ.