ಇಂದಿನ ಚಿಂತನೆ: ಭೀಮರಾವ್ ಕಾಲೇಜಿಗೆ ಸೇರಿದಾಗ

 

ಕಳೆದ ಭಾನುವಾರ ರಾತ್ರಿ 11 ಗಂಟೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ನಮ್ಮ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಪಿಯುಸಿ ದಾಟಿ, ಈಗ ಬೆಂಗಳೂರಿನಲ್ಲಿ ಡಿಗ್ರಿ ಮೊದಲ ವರ್ಷದಲ್ಲಿರುವ ಹುಡುಗ. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿಗ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಹೋಗಿವೆ. ಪಾಠ ಇಂಗ್ಲಿಷಿನಲ್ಲಿ, ಅರ್ಧ ತಲೆಗೆ ಹತ್ತುವುದಿಲ್ಲ. ಹಾಸ್ಟೆಲ್ ಕೋಣೆಯಲ್ಲಿ ಮಧ್ಯರಾತ್ರಿ ದಾಟಿದರೂ ಗದ್ದಲ. ಮನೆಯಲ್ಲಿ ಏನೂ ಹೇಳಿಲ್ಲವಂತೆ. ಊರಿಗೆ ಬಂದುಬಿಡುತ್ತೇನೆ ಮೇಷ್ಟ್ರೇ ಎಂದು ಅತ್ತ.

ಹತ್ತು ವರ್ಷದ ಹಿಂದೆ ಒಬ್ಬ ಹುಡುಗಿಯೂ ಹೀಗೇ ಅತ್ತಿದ್ದಳು. ಆಗ ನಾನು ಬಾಬಾಸಾಹೇಬರ ಹೆಸರು ತೆಗೆದೆ. ಅವರು ಹಗಲು ರಾತ್ರಿ ಓದಿದ್ದು, ಗೆದ್ದ ಡಿಗ್ರಿಗಳ ಪಟ್ಟಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಅವರಿಗಿಂತ ನಿನ್ನ ಕಷ್ಟ ದೊಡ್ಡದೇನು ಎಂದು ಕೇಳಿಬಿಟ್ಟೆ. ಅವಳು ಸುಮ್ಮನಾದಳು. ಮುಂದಿನ ವಾರ ಕಾಲೇಜು ಬಿಟ್ಟಳು. ಒಬ್ಬ ದೊಡ್ಡ ಮನುಷ್ಯನ ಬದುಕನ್ನು ನಾನು ಬೆತ್ತದ ಹಾಗೆ ಹಿಡಿದು ಬೀಸಿದ್ದೆ. ಆಮೇಲೆ ಕುಳಿತು ಅದೇ ಬದುಕನ್ನು ಮತ್ತೆ ಓದಿದೆ. ಈ ಸಲ ಕೊನೆಯಿಂದ ಅಲ್ಲ, ಮೊದಲಿನಿಂದ. ಭಾನುವಾರ ರಾತ್ರಿ ಆ ಹುಡುಗನಿಗೆ ಹೇಳಿದ್ದನ್ನೇ ಇವತ್ತು ಇಲ್ಲಿ ಬರೆಯುತ್ತಿದ್ದೇನೆ. ಬಳಗದಲ್ಲಿ ಹಲವರ ಮನೆಯಲ್ಲಿ ಕಾಲೇಜಿಗೆ ಹೊರಟ ಮಕ್ಕಳಿದ್ದಾರೆ.

ಭೀಮರಾವ್ 1907ರಲ್ಲಿ ಮೆಟ್ರಿಕ್ ಪಾಸು ಮಾಡಿದಾಗ ಬಂದ ಅಂಕ 750ಕ್ಕೆ 282. ಇದನ್ನು ನಾವು ಯಾವ ಜಯಂತಿಯ ಭಾಷಣದಲ್ಲೂ ಹೇಳುವುದಿಲ್ಲ. ಸಂಸ್ಕೃತ ಓದುವ ಆಸೆಯಿದ್ದರೂ ಶಾಲೆಯಲ್ಲಿ ಅದು ಸಿಗದೆ ಪಾರ್ಸಿ ಭಾಷೆ ತೆಗೆದುಕೊಂಡಿದ್ದ ಹುಡುಗ. ಆದರೂ ಪರೇಲಿನ ಅವರ ಜನ ಸಭೆ ಸೇರಿಸಿ ಸನ್ಮಾನ ಮಾಡಿದರು. ಯಾಕೆಂದರೆ ಅವರಿಗೆ ಅಂಕ ಕಾಣಲಿಲ್ಲ, ಹುಡುಗ ದಾಟಿದ ದಾರಿ ಕಂಡಿತು. ಆ ಸಭೆಯಲ್ಲಿ ಕೃಷ್ಣಾಜಿ ಅರ್ಜುನ ಕೆಳೂಸ್ಕರ್ ಎಂಬ ಮೇಷ್ಟ್ರು, ಮರಾಠಿಯಲ್ಲಿ ತಾವೇ ಬರೆದಿದ್ದ ಬುದ್ಧನ ಚರಿತ್ರೆಯನ್ನು ಅವನ ಕೈಗಿತ್ತರು. ನಮ್ಮ ಬಳಗ ಇವತ್ತು ಇರುವುದಕ್ಕೆ ಆ ಪುಸ್ತಕವೂ ಒಂದು ಕಾರಣ, ಅದು ಬೇರೆ ಕಥೆ.

ಈ ಕೆಳೂಸ್ಕರರು ಸಿಕ್ಕಿದ್ದು ಹೇಗೆ ಗೊತ್ತೇ? ಮನೆಯಲ್ಲಿ ಓದಲು ಜಾಗ ಇರಲಿಲ್ಲ. ಚಾಳಿನ ಒಂದೇ ಕೋಣೆ. ಅದರಲ್ಲೇ ಅಡುಗೆ, ಅದರಲ್ಲೇ ಸೌದೆ, ತಲೆಯ ಹತ್ತಿರ ಬೀಸುವ ಕಲ್ಲು, ಕಾಲಿನ ಹತ್ತಿರ ಕಟ್ಟಿದ ಮೇಕೆ. ಅದಕ್ಕೇ ಹುಡುಗ ಚರ್ನಿ ರೋಡಿನ ಉದ್ಯಾನಕ್ಕೆ ಹೋಗಿ ಕುಳಿತು ಓದುತ್ತಿದ್ದ. ಅಲ್ಲಿಗೆ ಬರುತ್ತಿದ್ದ ಕೆಳೂಸ್ಕರರು ಅವನನ್ನು ಕಂಡು ಮಾತನಾಡಿಸಿದರು. ಆಮೇಲೆ ಪುಸ್ತಕ ಕೊಡತೊಡಗಿದರು. ಗದ್ದಲದಲ್ಲೇ ಓದಿ ಜಯಿಸಿದ ವೀರನೆಂದು ಭೀಮರಾವ್ ಅವರನ್ನು ಚಿತ್ರಿಸುವುದು ನಮಗೆ ರೂಢಿ. ಅವರು ಮಾಡಿದ್ದು ಅದಕ್ಕಿಂತ ಸರಳ. ಜಾಗ ಬದಲಾಯಿಸಿದರು.

ಮನೆಯಲ್ಲೂ ಒಂದು ಏರ್ಪಾಡಿತ್ತು. ತಂದೆ ರಾಮಜಿ ಸುಬೇದಾರರು ರಾತ್ರಿ 2 ಗಂಟೆಯವರೆಗೆ ಎಚ್ಚರವಿದ್ದು, ಮಗನನ್ನು ಎಬ್ಬಿಸಿ, ಆಮೇಲೆ ತಾವು ಮಲಗುತ್ತಿದ್ದರು. ಎಲ್ಲರೂ ನಿದ್ದೆಯಲ್ಲಿರುವ ಆ ಹೊತ್ತಿನಲ್ಲಿ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಬೆಳಗಾಗುವವರೆಗೆ ಓದು. ಅಂದರೆ ಆ ಓದಿನ ಹಿಂದೆ ಇನ್ನೊಬ್ಬರ ನಿದ್ದೆಗೆಟ್ಟ ರಾತ್ರಿಗಳಿದ್ದವು. ಪುಸ್ತಕಕ್ಕೆ ದುಡ್ಡಿಲ್ಲದಾಗ ರಾಮಜಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗೆ ಹೋಗುತ್ತಿದ್ದರು. ಅವರ ಹತ್ತಿರ ಒಡವೆ ಕೇಳಿ ತಂದು, ಅಡವಿಟ್ಟು, ಪುಸ್ತಕ ತರುತ್ತಿದ್ದರು. ಪಿಂಚಣಿ ಬಂದ ದಿನ ಬಿಡಿಸಿ ಹಿಂದಕ್ಕೆ ಕೊಡುತ್ತಿದ್ದರು. ನಾನು ಇದನ್ನು ತರಗತಿಯಲ್ಲಿ ಹೇಳುವಾಗ ಆ ಅಕ್ಕಂದಿರ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಗಂಡನ ಮನೆಯಲ್ಲಿ ಅವರು ಏನೆಂದು ಹೇಳಿ ಆ ಒಡವೆ ಬಿಚ್ಚಿಕೊಟ್ಟರೋ!

1908ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜು. ಅಲ್ಲಿ ಹೋಟೆಲಿನವನು ಅವರಿಗೆ ಚಹಾ ಕೊಡುತ್ತಿರಲಿಲ್ಲ, ನೀರೂ ಕೊಡುತ್ತಿರಲಿಲ್ಲ. ಇದರ ಜೊತೆಗೇ ಅಲ್ಲಿ ಮುಲ್ಲರ್ ಎಂಬ ಪ್ರಾಧ್ಯಾಪಕರೂ ಇದ್ದರು. ಅವರು ಪುಸ್ತಕ ಕೊಟ್ಟರು, ತೊಡಲು ಬಟ್ಟೆಯನ್ನೂ ಕೊಟ್ಟರು, ಹುಡುಗ ತೆಗೆದುಕೊಂಡ. ನಮ್ಮ ಮಕ್ಕಳಿಗೆ ಇದು ಕಷ್ಟ. ಬಟ್ಟೆ ಹರಿದಿದೆ ಎಂದು ಯಾರಿಗೂ ಕಾಣಬಾರದೆಂದು ಕೊನೆಯ ಬೆಂಚಿಗೆ ಹೋಗಿ ಕೂರುತ್ತವೆ. ಅಷ್ಟು ಸ್ವಾಭಿಮಾನಿಯಾಗಿದ್ದ ಮನುಷ್ಯ, ಪ್ರೀತಿಯಿಂದ ಕೊಟ್ಟದ್ದನ್ನು ಪಡೆಯುವುದಕ್ಕೆ ನಾಚಲಿಲ್ಲ ಎಂಬುದನ್ನು ಹುಡುಗನಿಗೆ ನಾನು ಎರಡು ಸಲ ಹೇಳಿದೆ. ಇಡೀ ಕಾಲೇಜು ಒಳ್ಳೆಯದಾಗುವುದಿಲ್ಲ. ಒಬ್ಬ ಮೇಷ್ಟ್ರು ಸಿಕ್ಕರೆ ಸಾಕು. ಆದರೆ ಆ ಒಬ್ಬರ ಕೋಣೆಯ ಬಾಗಿಲನ್ನು ನಾವೇ ಹೋಗಿ ತಟ್ಟಬೇಕು.

ನಡುವೆ ಆರೋಗ್ಯ ಕೆಟ್ಟು ಒಂದು ವರ್ಷ ಹೋಯಿತು. ಹೌದು, ಬಾಬಾಸಾಹೇಬರಿಗೂ ಒಂದು ವರ್ಷ ಹೋಗಿತ್ತು. ಇಂಟರ್‌ಮೀಡಿಯೆಟ್ ಆದಮೇಲೆ ಮನೆಯಲ್ಲಿ ದುಡ್ಡೂ ಮುಗಿಯಿತು. ಆಗ ಅದೇ ಕೆಳೂಸ್ಕರರು ಬರೋಡದ ಸಯಾಜಿರಾವ್ ಗಾಯಕವಾಡರ ಬಳಿಗೆ ಕರೆದುಕೊಂಡು ಹೋದರು. ಮಹಾರಾಜರು ಕೆಲವು ಪ್ರಶ್ನೆ ಕೇಳಿದರು, ಉತ್ತರ ಹಿಡಿಸಿತು, ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತು. ಉದ್ಯಾನದಲ್ಲಿ ಪುಸ್ತಕ ಹಿಡಿದು ಕೂತಿದ್ದರ ಫಲ ಹೀಗೆ ಎಷ್ಟೋ ಕಾಲದ ನಂತರ ಬಂತು. (ಇಲ್ಲೇ ಒಂದು ಮಾತು. ಎಸ್‌ಎಸ್‌ಪಿ ಪೋರ್ಟಲಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಹಾಕದವರು ಇವತ್ತೇ ಕೂತು ಹಾಕಿ. ಆಧಾರ್ ಜೋಡಣೆಯಾಗದ ಬ್ಯಾಂಕ್ ಖಾತೆಗೆ ದುಡ್ಡು ಬರುವುದಿಲ್ಲ, ಅದನ್ನೂ ನೋಡಿಕೊಳ್ಳಿ.)

ಬಿ.ಎ. ಆಯಿತು. 1913ರ ಫೆಬ್ರವರಿ 2ರಂದು ತಂದೆ ತೀರಿಕೊಂಡರು. ಮುಂದೆ ಬರೋಡ ಸಂಸ್ಥಾನದ ನೆರವಿನಲ್ಲೇ ಅಮೆರಿಕಕ್ಕೆ ಹೋಗುವ ಅವಕಾಶ ಬಂತು. ಓದಿ ಬಂದು 10 ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿಗೆ ಸಹಿ ಹಾಕಿ, ಜುಲೈ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಇಳಿದರು. ಊರಿನಲ್ಲಿ ರಮಾಬಾಯಿ, ವರ್ಷವೂ ತುಂಬದ ಯಶವಂತ. ಇವರಿಗೆ 22 ವರ್ಷ.

ಮತ್ತೆ ಒಂದು ಮೊದಲ ವರ್ಷ. ಕೊಲಂಬಿಯಾ ವಿಶ್ವವಿದ್ಯಾಲಯದ ಹಾರ್ಟ್ಲಿ ಹಾಲ್ ಎಂಬ ವಸತಿಗೃಹದಲ್ಲಿ ಇಳಿದುಕೊಂಡರು. ಅಲ್ಲಿನ ಊಟ ಸೇರಲಿಲ್ಲ. ವಾರದಲ್ಲೇ ಅದನ್ನು ಬಿಟ್ಟು, ಭಾರತೀಯ ವಿದ್ಯಾರ್ಥಿಗಳಿದ್ದ ಕಾಸ್ಮೊಪಾಲಿಟನ್ ಕ್ಲಬ್ಬಿಗೆ ಹೋದರು. ಕೊನೆಗೆ ಲಿವಿಂಗ್‌ಸ್ಟನ್ ಹಾಲಿನಲ್ಲಿ ನವಲ್ ಭಾತೇನಾ ಎಂಬ ಪಾರ್ಸಿ ಗೆಳೆಯನ ಜೊತೆ ನೆಲೆ ನಿಂತರು. ಊಟ ಸರಿಹೋಗದೆ ಹಾಸ್ಟೆಲ್ ಬದಲಿಸಿದ್ದನ್ನು ಯಾರೂ ಅವರ ಸೋಲೆಂದು ಎಣಿಸಲಿಲ್ಲ.

ಮೊದಲ ಕೆಲವು ತಿಂಗಳು ಓದೂ ಹಿಡಿತಕ್ಕೆ ಬರಲಿಲ್ಲ. ಕುಳಿತಲ್ಲಿ ಎಲ್ಲರ ಜೊತೆ ಕುಳಿತು ಊಟ, ಯಾರೂ ಜಾತಿ ಕೇಳದ ಬೀದಿಗಳು, ಆಟ, ತಿರುಗಾಟ. ಹುಟ್ಟಿದಾರಭ್ಯ ಹೀಗೆ ಉಸಿರಾಡಿರದ ಯುವಕ ಸ್ವಲ್ಪ ದಿನ ಉಸಿರಾಡಿದರು, ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಆಮೇಲೆ ಮನೆಯ ನೆನಪು, ತಾನು ಬಂದ ಕೆಲಸದ ನೆನಪು ಎಬ್ಬಿಸಿತು. ಅಲ್ಲಿಂದ ಗ್ರಂಥಾಲಯವೇ ಮನೆ. ಅರ್ಥಶಾಸ್ತ್ರ ಒಂದರಲ್ಲೇ 29 ಕೋರ್ಸು. ಜೊತೆಗೆ ಇತಿಹಾಸ, ಸಮಾಜಶಾಸ್ತ್ರ, ತತ್ವಶಾಸ್ತ್ರ, ಮಾನವಶಾಸ್ತ್ರ. ಸಂಶೋಧನೆ ಮಾಡುವ ವಿಧಾನ ಹೇಗೆಂದು ಪ್ರೊಫೆಸರ್ ಸೆಲಿಗ್ಮನ್ ಅವರ ಬಳಿ ಹೋಗಿ ಕೇಳಿದರಂತೆ. ಕೆಲಸಕ್ಕೆ ಮನಸ್ಸಿಟ್ಟು ಕೈಹಾಕಿದರೆ ವಿಧಾನ ತಾನಾಗಿ ಮೂಡುತ್ತದೆಂಬ ಅರ್ಥದ ಉತ್ತರ ಬಂತು. 1915ರಲ್ಲಿ ಎಂ.ಎ. ಕೈಗೆ ಬಂತು.

ಅದೇ ಭಾತೇನಾ ಮುಂದೆ 1920ರಲ್ಲಿ, ಲಂಡನ್ನಿನಲ್ಲಿ ಅರ್ಧಕ್ಕೆ ನಿಂತಿದ್ದ ಓದನ್ನು ಮುಗಿಸಲು ಬಾಬಾಸಾಹೇಬರು ಮತ್ತೆ ಹೊರಟಾಗ 5,000 ರೂಪಾಯಿ ಸಾಲ ಕೊಟ್ಟರು. ಹಾಸ್ಟೆಲಿನ ಸ್ನೇಹ ಎಲ್ಲಿಗೆ ಮುಟ್ಟುತ್ತದೆಂದು ಆ ಕೋಣೆಯಲ್ಲಿದ್ದಾಗ ಇಬ್ಬರಿಗೂ ತಿಳಿದಿರಲಿಲ್ಲ.

ಇಷ್ಟೆಲ್ಲ ಅನುಭವಿಸಿದ ಮನುಷ್ಯ ತನ್ನ ಕೈಗೆ ಸಂಸ್ಥೆ ಕಟ್ಟುವ ಶಕ್ತಿ ಬಂದಾಗ ಮೊದಲು ಯೋಚಿಸಿದ್ದು ಬೋಧನೆಗಿಂತ ವಸತಿಯನ್ನು. 1928ರಲ್ಲಿ ಕಟ್ಟಿದ ಶಿಕ್ಷಣ ಸಂಘದ ಮೂಲಕ ಹಾಸ್ಟೆಲುಗಳನ್ನು ತೆರೆದರು. ಅವುಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಶುರುವಾದಾಗ, ಹಗಲು ದುಡಿಯುವ ಹುಡುಗರು ಓದಲೆಂದು ಬೆಳಗಿನ ತರಗತಿಗಳನ್ನು ಇಟ್ಟರು. ಮಲಗಲು, ಉಣ್ಣಲು, ದುಡಿಯಲು, ಓದಲು ಹೊತ್ತು ಮತ್ತು ಜಾಗ. ಇವು ಇಲ್ಲದೆ ಬುದ್ಧಿ ಎಷ್ಟಿದ್ದರೂ ಮೊದಲ ವರ್ಷದಲ್ಲೇ ಮಕ್ಕಳು ಉದುರಿಹೋಗುತ್ತಾರೆಂದು ಅವರಿಗೆ ಗೊತ್ತಿತ್ತು.

ನಾನು ಮಾತು ಮುಗಿಸುವ ಹೊತ್ತಿಗೆ ರಾತ್ರಿ ಹನ್ನೆರಡೂವರೆ. 282 ಅಂಕ ನಿಜವೇ ಎಂದು ಹುಡುಗ ಮತ್ತೆ ಕೇಳಿದ. ನಿಜ ಎಂದೆ. ಅಪ್ಪನಿಗೆ ನಾಳೆಯೇ ಫೋನ್ ಮಾಡಿ ಹೋದ ಎರಡು ವಿಷಯದ ಮಾತು ಹೇಳು, ನಾನೂ ಮಾತಾಡುತ್ತೇನೆ ಎಂದೆ. ಕಾಲೇಜು ಬಿಟ್ಟ ಆ ಹುಡುಗಿಗೆ ಈಗ ಇಬ್ಬರು ಮಕ್ಕಳು, ದೊಡ್ಡವಳು ನಮ್ಮ ಶಾಲೆಯಲ್ಲೇ ಒಂದನೇ ತರಗತಿ. ಪಾಲಕರ ಸಭೆಗೆ ಬಂದಾಗ ಅವಳಿಗೂ ಈ ಕಥೆಯನ್ನು ಮೊದಲಿನಿಂದ ಹೇಳಬೇಕೆಂದಿದ್ದೇನೆ. ಎರಡು ಸಭೆ ಕಳೆದವು, ಬಾಯಿ ಬಂದಿಲ್ಲ.

ಹುಡುಗ ನಿನ್ನೆ ಸಂಜೆ ಒಂದು ಫೋಟೊ ಕಳಿಸಿದ್ದಾನೆ. ಹಾಸ್ಟೆಲ್ ಕೋಣೆ ಬದಲಿಸಿಕೊಡುವಂತೆ ವಾರ್ಡನ್ನರಿಗೆ ಬರೆದ ಅರ್ಜಿ. ಮೂರು ಕಡೆ ಕಾಗುಣಿತ ತಪ್ಪಿದೆ. ಶಾಲೆಗೆ ಹೊರಡುವ ಮೊದಲು ತಿದ್ದಿ ಕಳಿಸಬೇಕು.