ಚಲನಶಿಲ್ಪಿ ಕಾಲ್ಡರ್

ಶಿಲ್ಪವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ನಿಶ್ಚಲವಾದ ಮೂರ್ತಿ. ಕಲ್ಲಿನಲ್ಲಿ ಕಡೆದುದಾಗಲಿ, ಕಂಚಿನಲ್ಲಿ ಎರಕ ಹೊಯ್ದುದಾಗಲಿ, ಅದು ನಿಂತಲ್ಲಿಯೇ ನಿಂತಿರುತ್ತದೆ. ನೋಡುವವನೇ ಅದರ ಸುತ್ತ ನಡೆದು ಅದರ ಚೆಲುವನ್ನು ಕಾಣಬೇಕು. ಸಾವಿರಾರು ವರ್ಷಗಳಿಂದ ಶಿಲ್ಪಕಲೆಯ ರೀತಿ ಬಹುಮಟ್ಟಿಗೆ ಇದೇ ಆಗಿದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಒಬ್ಬ ಕಲಾವಿದನು ಈ ರೀತಿಯನ್ನೇ ಬದಲಾಯಿಸಿದನು. ಅವನ ಶಿಲ್ಪಗಳು ಚಾವಣಿಯಿಂದ ತೂಗುತ್ತಿದ್ದವು. ಗಾಳಿಯ ಸಣ್ಣ ಅಲೆಗೂ ಅಲುಗಾಡಿ, ತಿರುಗಿ, ಕ್ಷಣಕ್ಷಣಕ್ಕೂ ಹೊಸ ರೂಪವನ್ನು ತಾಳುತ್ತಿದ್ದವು. ಅವನಿಗಿಂತ ಮೊದಲೂ ಒಬ್ಬಿಬ್ಬರು ಕಲಾವಿದರು ಈ ದಿಕ್ಕಿನಲ್ಲಿ ಪ್ರಯೋಗ ನಡೆಸಿದ್ದುಂಟು. ಆದರೆ ಚಲನೆಯನ್ನೇ ಜೀವಮಾನದ ಸಾಧನೆಯನ್ನಾಗಿ ಮಾಡಿಕೊಂಡು, ಅದನ್ನು ಲೋಕಕ್ಕೆಲ್ಲ ಪರಿಚಯಿಸಿದ ಕೀರ್ತಿ ಅಲೆಕ್ಸಾಂಡರ್ ಕಾಲ್ಡರನಿಗೆ ಸಲ್ಲುತ್ತದೆ.

ಕಾಲ್ಡರನು 1898ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದನು. ಅವನದು ಕಲೆಯನ್ನೇ ಉಸಿರಾಡಿದ ಮನೆತನ. ಅವನ ಅಜ್ಜ ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದ ಶಿಲ್ಪಿ. ಫಿಲಡೆಲ್ಫಿಯಾ ನಗರಸಭಾ ಭವನದ ಗೋಪುರದ ನೆತ್ತಿಯ ಮೇಲೆ ನಿಂತಿರುವ, 37 ಅಡಿ ಎತ್ತರದ ವಿಲಿಯಂ ಪೆನ್ನನ ಕಂಚಿನ ಪ್ರತಿಮೆ ಆ ಅಜ್ಜನ ಕೃತಿ. ತಂದೆಯೂ ಹೆಸರಾಂತ ಶಿಲ್ಪಿ. ತಾಯಿ ನನೆಟ್ ಚಿತ್ರಕಲಾವಿದೆ. ಅಜ್ಜ, ತಂದೆ, ಮಗ ಮೂವರ ಹೆಸರೂ ಅಲೆಕ್ಸಾಂಡರ್ ಎಂದೇ. ಮನೆಯವರು ಬಾಲಕನನ್ನು ಸ್ಯಾಂಡಿ ಎಂದು ಕರೆಯುತ್ತಿದ್ದರು.

ತಂದೆಗೆ ಕ್ಷಯರೋಗ ತಗುಲಿದುದರಿಂದ ಆ ಕುಟುಂಬವು ಒಣಹವೆಯನ್ನು ಅರಸಿ ಅರಿಜೋನಾಕ್ಕೂ, ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೂ ಹೋಗಬೇಕಾಯಿತು. ಅನಂತರವೂ ತಂದೆಯ ಕೆಲಸಕ್ಕೆ ಅನುಸಾರವಾಗಿ ಊರಿಂದೂರಿಗೆ ತಿರುಗುವುದೇ ಅವರ ಬಾಳಾಯಿತು. ಆದರೆ ಎಲ್ಲಿಗೆ ಹೋದರೂ ಮಗನಿಗೆಂದು ಒಂದು ಮೂಲೆಯನ್ನು ಕೆಲಸದ ಕೋಣೆಯಾಗಿ ಬಿಟ್ಟುಕೊಡುವುದನ್ನು ತಂದೆತಾಯಿಗಳು ಮರೆಯಲಿಲ್ಲ. ಬೀದಿಯಲ್ಲಿ ಬಿದ್ದ ತಾಮ್ರದ ತಂತಿಯ ಚೂರುಗಳನ್ನು ಆಯ್ದು ತಂದು, ಅಕ್ಕನ ಬೊಂಬೆಗಳಿಗೆ ಅವನು ಒಡವೆಗಳನ್ನು ಮಾಡಿಕೊಡುತ್ತಿದ್ದನು. 1909ರ ಕ್ರಿಸ್ಮಸ್ ಹಬ್ಬಕ್ಕೆ ಹಿತ್ತಾಳೆಯ ತಗಡನ್ನು ಕತ್ತರಿಸಿ ಮಡಿಸಿ, ಒಂದು ನಾಯಿಯನ್ನೂ ಒಂದು ಬಾತುಕೋಳಿಯನ್ನೂ ಮಾಡಿ ತಂದೆತಾಯಿಗಳಿಗೆ ಕಾಣಿಕೆಯಾಗಿ ಕೊಟ್ಟನು. ಆ ಬಾತುಕೋಳಿಯನ್ನು ಮೆಲ್ಲನೆ ತಟ್ಟಿದರೆ ಅದು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿದ್ದಿತು. ಹನ್ನೊಂದು ವರ್ಷದ ಹುಡುಗನ ಆ ಆಟಿಕೆಯಲ್ಲಿ ಅವನ ಮುಂದಿನ ಬಾಳಿನ ಬೀಜ ಅಡಗಿದ್ದಿತು.

ಕಲಾವಿದರ ಬದುಕಿನ ಅನಿಶ್ಚಯತೆಯನ್ನು ತಂದೆತಾಯಿಗಳು ಸ್ವತಃ ಅನುಭವಿಸಿ ಬಲ್ಲವರಾಗಿದ್ದರು. ಮಗನೂ ಅದೇ ಹಾದಿಯನ್ನು ಹಿಡಿಯುವುದು ಅವರಿಗೆ ಇಷ್ಟವಿರಲಿಲ್ಲ. ಯಂತ್ರಗಳಲ್ಲಿ ಆಸಕ್ತಿಯಿದ್ದ ಹುಡುಗನೂ ಅವರ ಮಾತನ್ನು ಮೀರಲಿಲ್ಲ. 1915ರಲ್ಲಿ ನ್ಯೂಜೆರ್ಸಿಯ ಸ್ಟೀವನ್ಸ್ ತಾಂತ್ರಿಕ ವಿದ್ಯಾಸಂಸ್ಥೆಯನ್ನು ಸೇರಿ, 1919ರಲ್ಲಿ ಯಂತ್ರಶಿಲ್ಪ ವಿಜ್ಞಾನದಲ್ಲಿ ಪದವಿಯನ್ನು ಪಡೆದನು. ಭಾರ, ಬಲ, ಸಮತೋಲನ, ಚಲನೆ ಇವುಗಳ ನಿಯಮಗಳನ್ನು ಅವನು ಅಲ್ಲಿ ಚೆನ್ನಾಗಿ ಕಲಿತನು. ಆದರೆ ಪದವಿಯೇನೋ ದೊರೆಯಿತು. ಮನಸ್ಸಿಗೆ ನೆಲೆ ದೊರೆಯಲಿಲ್ಲ. ನಕ್ಷೆ ಬರೆಯುವ ಕೆಲಸ, ಎಂಜಿನಿಯರನ ಕೆಲಸ ಎಂದು ಹಲವು ಉದ್ಯೋಗಗಳನ್ನು ಹಿಡಿದು, ಯಾವುದರಲ್ಲಿಯೂ ನಿಲ್ಲದೆ ಬಿಟ್ಟನು.

1922ರಲ್ಲಿ ಅವನು ಒಂದು ಪ್ರಯಾಣಿಕರ ಹಡಗಿನ ಬಾಯ್ಲರ್ ಕೋಣೆಯಲ್ಲಿ ಕೆಲಸಕ್ಕೆ ಸೇರಿದನು. ಹಡಗು ಗ್ವಾಟೆಮಾಲಾ ದೇಶದ ತೀರದ ಬಳಿ ಸಾಗುತ್ತಿದ್ದಾಗ, ಒಂದು ಮುಂಜಾನೆ ಹಡಗಿನ ಮೇಲಟ್ಟದ ಮೇಲೆ ಮಲಗಿದ್ದ ಅವನಿಗೆ ಎಚ್ಚರವಾಯಿತು. ಕಡಲು ಪ್ರಶಾಂತವಾಗಿದ್ದಿತು. ಒಂದು ಕಡೆ ಕೆಂಡದಂತೆ ಕೆಂಪಾದ ಸೂರ್ಯನು ಮೇಲೇರುತ್ತಿದ್ದನು. ಇನ್ನೊಂದು ಕಡೆ ಬೆಳ್ಳಿಯ ನಾಣ್ಯದಂತಹ ಚಂದ್ರನು ಇನ್ನೂ ಬೆಳಗುತ್ತಿದ್ದನು. ಎರಡು ಬಿಂಬಗಳು, ನಡುವೆ ಅಪಾರವಾದ ಬಯಲು. ವಿಶ್ವದ ಈ ಸಮತೋಲನದ ನೋಟವು ಅವನ ಮನಸ್ಸಿನಲ್ಲಿ ಅಚ್ಚೊತ್ತಿದಂತೆ ನಿಂತಿತು. ಸ್ವಲ್ಪ ಕಾಲದ ಮೇಲೆ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಮರ ಕಡಿಯುವವರ ಶಿಬಿರದಲ್ಲಿ ಕೆಲಸದ ವೇಳೆಯನ್ನು ಗುರುತು ಹಾಕಿಕೊಳ್ಳುವ ಗುಮಾಸ್ತನಾಗಿದ್ದಾಗ, ಸುತ್ತಲಿನ ಬೆಟ್ಟಗಳ ಸೊಬಗನ್ನು ಕಂಡು, ಬಣ್ಣ ಮತ್ತು ಕುಂಚಗಳನ್ನು ಕಳುಹಿಸಿಕೊಡುವಂತೆ ಮನೆಗೆ ಕಾಗದ ಬರೆದನು. ಅಲ್ಲಿಗೆ ಅವನ ಅಲೆದಾಟ ಮುಗಿಯಿತು. 1923ರಲ್ಲಿ ನ್ಯೂಯಾರ್ಕಿನ ಕಲಾಶಾಲೆಯೊಂದಕ್ಕೆ ಸೇರಿ, ತಂದೆತಾಯಿಗಳು ಬೇಡವೆಂದಿದ್ದ ಹಾದಿಯಲ್ಲಿಯೇ ನಡೆಯತೊಡಗಿದನು.

ಹೊಟ್ಟೆಪಾಡಿಗಾಗಿ ಕಾಲ್ಡರನು ಒಂದು ಪತ್ರಿಕೆಗೆ ರೇಖಾಚಿತ್ರಗಳನ್ನು ಬರೆದುಕೊಡುತ್ತಿದ್ದನು. ಆ ಕೆಲಸದ ಮೇಲೆ 1925ರಲ್ಲಿ ಸರ್ಕಸ್ಸಿನ ಬಿಡಾರಕ್ಕೆ ಹೋಗಿ ಎರಡು ವಾರ ಚಿತ್ರ ಬರೆಯುತ್ತ ಕಳೆದನು. ತೂಗುಯ್ಯಾಲೆಯ ಆಟಗಾರರ ಹಾರಾಟ, ಪ್ರಾಣಿಗಳ ಚಲನವಲನ, ಬೀಳುವೆನೋ ಉಳಿಯುವೆನೋ ಎಂಬಂತಹ ಸಮತೋಲನ, ಇವೆಲ್ಲ ಅವನನ್ನು ಸೆರೆಹಿಡಿದವು. ಮರುವರ್ಷ ಪ್ಯಾರಿಸ್ಸಿಗೆ ಹೋದಾಗ ತಂತಿ, ಬಟ್ಟೆಯ ಚೂರು, ಬಿರಡೆ, ಮರದ ತುಂಡು ಮೊದಲಾದವುಗಳಿಂದ ಒಂದು ಪುಟ್ಟ ಸರ್ಕಸ್ಸನ್ನೇ ಕಟ್ಟಿದನು. ಅದರಲ್ಲಿ ಸಿಂಹವಿದ್ದಿತು, ಸಿಂಹವನ್ನು ಪಳಗಿಸುವವನಿದ್ದನು, ಕತ್ತಿ ನುಂಗುವವನಿದ್ದನು, ಉಯ್ಯಾಲೆಯ ಆಟಗಾರರಿದ್ದರು. ದೃಢಕಾಯನಾದ ಕಾಲ್ಡರನು ನೆಲದ ಮೇಲೆ ಮಂಡಿಯೂರಿ ಕುಳಿತು, ಈ ಬೊಂಬೆಗಳನ್ನು ತನ್ನ ಕೈಯಿಂದಲೇ ಆಡಿಸುತ್ತಿದ್ದನು. ಉಯ್ಯಾಲೆಯ ಬೊಂಬೆ ಒಮ್ಮೆ ತನ್ನ ಗುರಿಯನ್ನು ಮುಟ್ಟುತ್ತಿದ್ದಿತು; ಒಮ್ಮೆ ತಪ್ಪಿ ಕೆಳಗಿನ ಬಲೆಯೊಳಗೆ ಬೀಳುತ್ತಿದ್ದಿತು. ನೋಡುವವರು ಉಸಿರು ಬಿಗಿಹಿಡಿದು ಕುಳಿತಿರುತ್ತಿದ್ದರು. ಮೊದಲು ಎರಡು ಪೆಟ್ಟಿಗೆಗಳಲ್ಲಿ ಹಿಡಿಯುತ್ತಿದ್ದ ಆ ಸರ್ಕಸ್ಸು ಬೆಳೆದು ಐದು ಪೆಟ್ಟಿಗೆಗಳನ್ನು ತುಂಬಿತು. ಅದನ್ನು ನೋಡಲು ಬಂದವರಲ್ಲಿ ಮಿರೋ, ಮೋಂಡ್ರಿಯನ್ ಮೊದಲಾದ ಆ ಕಾಲದ ಶ್ರೇಷ್ಠ ಕಲಾವಿದರೂ ಇದ್ದರು. ಇದೇ ಸಮಯದಲ್ಲಿ ಅವನು ಕೇವಲ ತಂತಿಯನ್ನು ಬಾಗಿಸಿ ಮನುಷ್ಯರ ಮುಖಗಳನ್ನು ಮಾಡತೊಡಗಿದನು. ಕಾಗದದ ಮೇಲೆ ಎಳೆಯಬೇಕಾದ ಗೆರೆಯನ್ನು ಬಯಲಿನಲ್ಲಿಯೇ ಎಳೆದಂತೆ ಆ ಮುಖಗಳು ಕಾಣುತ್ತಿದ್ದವು.

1930ರಲ್ಲಿ ಕಾಲ್ಡರನು ಪ್ಯಾರಿಸ್ಸಿನಲ್ಲಿ ಮೋಂಡ್ರಿಯನ್ನನ ಚಿತ್ರಶಾಲೆಗೆ ಭೇಟಿಯಿತ್ತನು. ಅಲ್ಲಿನ ಬಿಳಿಯ ಗೋಡೆಯ ಮೇಲೆ ಬಣ್ಣಬಣ್ಣದ ಆಯತಾಕಾರದ ರಟ್ಟುಗಳನ್ನು ಅಂಟಿಸಲಾಗಿದ್ದಿತು. ಅವುಗಳೆಲ್ಲ ಬೇರೆ ಬೇರೆ ವೇಗದಲ್ಲಿ ಅಲುಗಾಡಿದರೆ ಎಷ್ಟು ಸೊಗಸು ಎಂದು ಕಾಲ್ಡರನಿಗೆ ಅನಿಸಿತು. ಅದನ್ನು ಹೇಳಿಯೂ ಬಿಟ್ಟನು. ಗಂಭೀರಸ್ವಭಾವದ ಮೋಂಡ್ರಿಯನ್ ಅದನ್ನು ಒಪ್ಪಲಿಲ್ಲ. ತನ್ನ ಚಿತ್ರಗಳಲ್ಲಿ ಆಗಲೇ ಸಾಕಷ್ಟು ವೇಗವಿದೆಯೆಂಬುದು ಅವನ ಉತ್ತರವಾಗಿದ್ದಿತು. ಆ ಹಿರಿಯನು ಮಾಡಲೊಲ್ಲದುದನ್ನು ತಾನೇ ಮಾಡಿ ನೋಡಬೇಕೆಂದು ಕಿರಿಯನು ನಿಶ್ಚಯಿಸಿದನು. ಕೆಲವೇ ದಿನ ಚಿತ್ರ ಬರೆದು, ಮತ್ತೆ ತನ್ನ ತಂತಿ ಮತ್ತು ಇಕ್ಕುಳಗಳಿಗೆ ಹಿಂದಿರುಗಿದನು.

ಮೊದಲ ಚಲನಶಿಲ್ಪಗಳಲ್ಲಿ ಕೆಲವನ್ನು ಅವನು ಕೈಹಿಡಿಯಿಂದಲೂ, ಕೆಲವನ್ನು ವಿದ್ಯುತ್ ಮೋಟಾರಿನಿಂದಲೂ ನಡೆಸಿದನು. 1931ರಲ್ಲಿ ಇವುಗಳನ್ನು ಕಂಡ ಮಾರ್ಸೆಲ್ ದ್ಯೂಶಾಂ ಎಂಬ ಕಲಾವಿದನು ಇವಕ್ಕೆ ಮೊಬೈಲ್ ಎಂಬ ಹೆಸರನ್ನು ಸೂಚಿಸಿದನು. ಮರುವರ್ಷ ಜೀನ್ ಆರ್ಪ್ ಎಂಬ ಇನ್ನೊಬ್ಬ ಶಿಲ್ಪಿಯು ಕಾಲ್ಡರನ ಚಲಿಸದ ಕೃತಿಗಳಿಗೆ ಸ್ಟೇಬೈಲ್ ಎಂದು ಹೆಸರಿಟ್ಟನು. ಆದರೆ ಮೋಟಾರಿನ ಚಲನೆಯಲ್ಲಿ ಒಂದು ಕೊರತೆಯಿದ್ದಿತು. ಅದು ಮತ್ತೆ ಮತ್ತೆ ಅದೇ ಹಾದಿಯಲ್ಲಿ ಸುತ್ತುತ್ತಿದ್ದಿತು; ಮುಂದೇನೆಂಬುದು ನೋಡುವವನಿಗೆ ಬೇಗನೆ ತಿಳಿದುಹೋಗುತ್ತಿದ್ದಿತು. ಆದುದರಿಂದ ಕಾಲ್ಡರನು ತನ್ನ ಶಿಲ್ಪಗಳನ್ನು ಗಾಳಿಗೆ ಒಪ್ಪಿಸಿದನು. ಗಾಳಿಯ ಮನಸ್ಸನ್ನು ಬಲ್ಲವರಾರು? ಎಲೆಗಳಂತೆ, ಮೀನುಗಳಂತೆ, ಗ್ರಹಗಳಂತೆ ತೋರುವ ಆ ತಗಡಿನ ತುಣುಕುಗಳು ಗಾಳಿ ಬೀಸಿದಂತೆ ಓಲಾಡಿ, ಒಮ್ಮೆ ತೋರಿದ ರೂಪವನ್ನು ಮತ್ತೊಮ್ಮೆ ತೋರದಾದವು.

ನೋಡಲು ಇಷ್ಟು ಸ್ವಚ್ಛಂದವಾಗಿರುವ ಈ ಶಿಲ್ಪದ ಹಿಂದೆ ಕಟ್ಟುನಿಟ್ಟಾದ ನಿಯಮವಿದೆ. ಅದು ನಮಗೆ ತಿಳಿದಿರುವ ತಕ್ಕಡಿಯ ನಿಯಮವೇ. ಒಂದು ಕಡ್ಡಿಯ ಒಂದು ತುದಿಗೆ 300 ಗ್ರಾಂ ತೂಕದ ತಗಡನ್ನೂ ಇನ್ನೊಂದು ತುದಿಗೆ 100 ಗ್ರಾಂ ತೂಕದ ತಗಡನ್ನೂ ಕಟ್ಟಿದೆವೆಂದು ಭಾವಿಸೋಣ. ಕಡ್ಡಿಯ ತೂಕವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಭಾರವಾದ ತಗಡಿನಿಂದ 10 ಸೆಂಟಿಮೀಟರ್ ದೂರದಲ್ಲಿಯೂ ಹಗುರವಾದುದರಿಂದ 30 ಸೆಂಟಿಮೀಟರ್ ದೂರದಲ್ಲಿಯೂ ಇರುವ ಬಿಂದುವಿನಲ್ಲಿ ದಾರವನ್ನು ಕಟ್ಟಿದಾಗ ಕಡ್ಡಿ ಸಮವಾಗಿ ತೂಗುತ್ತದೆ. ಈ ಇಡೀ ಜೋಡಣೆಯನ್ನು 400 ಗ್ರಾಂ ತೂಕದ ಒಂದೇ ವಸ್ತುವೆಂದೆಣಿಸಿ, ಇನ್ನೊಂದು ಕಡ್ಡಿಯ ತುದಿಗೆ ಕಟ್ಟಿ, ಅದರ ಮತ್ತೊಂದು ತುದಿಗೆ ಬೇರೊಂದು ತಗಡನ್ನು ತೂಗಬಹುದು. ಕಾಲ್ಡರನು ಹೀಗೆಯೇ ತುತ್ತತುದಿಯ ಅತಿ ಚಿಕ್ಕ ತುಣುಕಿನಿಂದ ಆರಂಭಿಸಿ, ಒಂದೊಂದೇ ಕಡ್ಡಿಯನ್ನು ಸೇರಿಸುತ್ತ ಮೇಲಕ್ಕೆ ಬರುತ್ತಿದ್ದನು. ಎಂಜಿನಿಯರಿಂಗ್ ಕಲಿಕೆ ಅವನಿಗೆ ವ್ಯರ್ಥವಾಗಲಿಲ್ಲ. ಆದರೂ ಅವನು ಬಹುವಾಗಿ ನಂಬಿದ್ದುದು ತನ್ನ ಕೈ ಮತ್ತು ಕಣ್ಣುಗಳನ್ನೇ.

1931ರಲ್ಲಿ ಕಾಲ್ಡರನು ಲೂಯಿಸಾ ಜೇಮ್ಸ್ ಎಂಬಾಕೆಯನ್ನು ಮದುವೆಯಾದನು. ಎರಡು ವರ್ಷಗಳ ತರುವಾಯ ದಂಪತಿಗಳು ಅಮೆರಿಕಕ್ಕೆ ಹಿಂದಿರುಗಿ, ಕನೆಕ್ಟಿಕಟ್ ರಾಜ್ಯದ ರಾಕ್ಸ್‌ಬರಿಯಲ್ಲಿ ಒಂದು ಹಳೆಯ ತೋಟದ ಮನೆಯನ್ನು ಕೊಂಡು ನೆಲೆಸಿದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು.

1937ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ವಿಶ್ವವಸ್ತುಪ್ರದರ್ಶನದ ಕಾಲಕ್ಕೆ ಸ್ಪೇನ್ ದೇಶವು ಅಂತರ್ಯುದ್ಧದಲ್ಲಿ ಬೇಯುತ್ತಿದ್ದಿತು. ಅಲ್ಲಿನ ಗಣರಾಜ್ಯ ಸರ್ಕಾರದ ಮಂಟಪದಲ್ಲಿ ಪಿಕಾಸೋವಿನ ಪ್ರಸಿದ್ಧ ಚಿತ್ರ ಗೆರ್ನಿಕಾ ಇದ್ದಿತು. ಅದರ ಸನಿಹದಲ್ಲಿಯೇ ಕಾಲ್ಡರನು ಒಂದು ಕಾರಂಜಿಯನ್ನು ನಿರ್ಮಿಸಿದನು. ಅದರಲ್ಲಿ ಹರಿಯುತ್ತಿದ್ದುದು ನೀರಲ್ಲ, ಪಾದರಸ. ಸ್ಪೇನಿನ ಅಲ್ಮದೆನ್ ಎಂಬಲ್ಲಿ ಪಾದರಸದ ಪ್ರಖ್ಯಾತ ಗಣಿಗಳಿದ್ದವು. ಯುದ್ಧದಲ್ಲಿ ಶತ್ರುಗಳ ಕಣ್ಣು ಅವುಗಳ ಮೇಲಿದ್ದಿತು. ಬೆಳ್ಳಿಯಂತೆ ಹೊಳೆಯುವ ಆ ಭಾರವಾದ ದ್ರವವು ತಗಡುಗಳ ಮೇಲೆ ಜಾರಿ, ಒಂದು ಕಡ್ಡಿಯನ್ನು ತೂಗಾಡಿಸುತ್ತಿದ್ದಿತು. ಆ ಕಡ್ಡಿಯ ತುದಿಯಲ್ಲಿ ತಂತಿಯಿಂದ ಬರೆದ ಅಲ್ಮದೆನ್ ಎಂಬ ಹೆಸರು ಅಲುಗುತ್ತಿದ್ದಿತು. ಹೋರಾಡುತ್ತಿದ್ದ ಒಂದು ಜನಾಂಗಕ್ಕೆ ಕಲಾವಿದನೊಬ್ಬನು ಸಲ್ಲಿಸಿದ ಗೌರವ ಅದು. ಆ ಕಾರಂಜಿ ಮುಂದೆ ಬಾರ್ಸಿಲೋನಾ ನಗರದ ಮಿರೋ ಕಲಾಭವನವನ್ನು ಸೇರಿತು. ಪಾದರಸದ ಆವಿ ವಿಷವಾದುದರಿಂದ ಅಲ್ಲಿ ಅದನ್ನು ಗಾಜಿನ ಹಿಂದೆ ಇರಿಸಿದ್ದಾರೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹದ ಅಭಾವ ಉಂಟಾದಾಗ ಕಾಲ್ಡರನು ಕೈಕಟ್ಟಿ ಕೂರಲಿಲ್ಲ. ಮರವನ್ನು ಕೆತ್ತಿ, ತಂತಿಗಳಿಂದ ಜೋಡಿಸಿ, ನಕ್ಷತ್ರಪುಂಜಗಳನ್ನು ಹೋಲುವ ಶಿಲ್ಪಗಳನ್ನು ಮಾಡಿದನು. 1943ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಅವನ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. 1952ರಲ್ಲಿ ವೆನಿಸ್ ನಗರದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಶಿಲ್ಪಕ್ಕೆ ಮೀಸಲಾದ ಮಹಾಬಹುಮಾನ ಅವನಿಗೆ ದೊರೆಯಿತು.

ಕಾಲ್ಡರನಿಗೆ ನಮ್ಮ ದೇಶದ ಸಂಬಂಧವೂ ಉಂಟು. ಅಹಮದಾಬಾದಿನ ಗೀರಾ ಸಾರಾಭಾಯಿ ಅವರ ಆಹ್ವಾನದ ಮೇರೆಗೆ 1955ರಲ್ಲಿ ಪತ್ನಿಯೊಡನೆ ಅವನು ಭಾರತಕ್ಕೆ ಬಂದನು. ದೇಶವನ್ನು ಸುತ್ತಿ ನೋಡಿದುದಲ್ಲದೆ, ಸಾರಾಭಾಯಿ ಕುಟುಂಬದವರ ಮನೆಯಲ್ಲಿದ್ದು ಹಲವು ಶಿಲ್ಪಗಳನ್ನೂ ಒಡವೆಗಳನ್ನೂ ತಯಾರಿಸಿದನು. ತಂತಿ, ತಗಡು, ಇಕ್ಕುಳ ಇಷ್ಟಿದ್ದರೆ ಅವನಿಗೆ ಯಾವ ಊರಾದರೂ ಕಾರ್ಯಾಗಾರವೇ ಆಗುತ್ತಿದ್ದಿತು.

ಬಾಳಿನ ಕೊನೆಯ ಎರಡು ದಶಕಗಳಲ್ಲಿ ಅವನ ಕೃತಿಗಳು ಬೃಹದಾಕಾರವನ್ನು ತಾಳಿದವು. ಉಕ್ಕಿನ ಹಲಗೆಗಳನ್ನು ಬೋಲ್ಟುಗಳಿಂದ ಬಿಗಿದು ಮಾಡಿದ ಸ್ಟೇಬೈಲುಗಳು ಅನೇಕ ದೇಶಗಳ ಚೌಕಗಳಲ್ಲಿ ಎದ್ದುನಿಂತವು. 1969ರಲ್ಲಿ ಗ್ರ್ಯಾಂಡ್ ರ್ಯಾಪಿಡ್ಸ್ ನಗರದಲ್ಲಿ ನಿಲ್ಲಿಸಿದ 43 ಅಡಿ ಎತ್ತರದ ಕೆಂಪು ಶಿಲ್ಪ ಆ ಊರಿನ ಲಾಂಛನವೇ ಆಯಿತು. 1974ರಲ್ಲಿ ಶಿಕಾಗೋ ನಗರದಲ್ಲಿ ನಿಂತ ಫ್ಲೆಮಿಂಗೋ ಎಂಬ ಶಿಲ್ಪದ ಎತ್ತರ 53 ಅಡಿ. ಕಪ್ಪು ಬಣ್ಣದ ಚೌಕಾಕಾರದ ಕಟ್ಟಡಗಳ ನಡುವೆ, ಬಾಗಿದ ಕಾಲುಗಳ ಈ ಕೆಂಪು ಶಿಲ್ಪದ ಅಡಿಯಲ್ಲಿಯೇ ಜನರು ನಡೆದಾಡಬಹುದು.

ಸದಾ ಹಾಸ್ಯಪ್ರಿಯನೂ ಮಿತಭಾಷಿಯೂ ಆಗಿದ್ದ ಕಾಲ್ಡರನು ಅನ್ಯಾಯವೆನಿಸಿದ ಕಡೆ ಸುಮ್ಮನಿರುತ್ತಿರಲಿಲ್ಲ. ವಿಯಟ್ನಾಂ ಯುದ್ಧವನ್ನು ಅವನೂ ಲೂಯಿಸಾಳೂ ಬಹಿರಂಗವಾಗಿ ವಿರೋಧಿಸಿದರು. 1976ರಲ್ಲಿ ಅಮೆರಿಕ ಸರ್ಕಾರವು ಅವನಿಗೆ ದೇಶದ ಅತ್ಯುನ್ನತ ನಾಗರಿಕ ಪದಕವನ್ನು ನೀಡಲು ಮುಂದಾಯಿತು. ಆ ಯುದ್ಧಕ್ಕೆ ಹೋಗಲು ನಿರಾಕರಿಸಿದ ತರುಣರಿಗೆ ಇನ್ನೂ ಪೂರ್ಣ ಕ್ಷಮೆ ದೊರೆತಿಲ್ಲವೆಂಬ ಕಾರಣದಿಂದ ಅವನು ಆ ಗೌರವವನ್ನು ಒಲ್ಲೆನೆಂದನು. ಅವನ ಮರಣಾನಂತರ ಪದಕವನ್ನು ಘೋಷಿಸಿದಾಗ, ಮನೆಯವರು ಅದೇ ಕಾರಣದಿಂದ ಆ ಸಮಾರಂಭಕ್ಕೆ ಹೋಗಲಿಲ್ಲ.

1976ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಅವನ ಜೀವಮಾನದ ಕೃತಿಗಳ ಪ್ರದರ್ಶನ ಆರಂಭವಾಯಿತು. ಅದಾದ ಕೆಲವೇ ವಾರಗಳಲ್ಲಿ, ನವೆಂಬರ್ 11ರಂದು, 78ನೆಯ ವಯಸ್ಸಿನಲ್ಲಿ ಅವನು ಹೃದಯಾಘಾತದಿಂದ ತೀರಿಕೊಂಡನು. ಆಗ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಭವನಕ್ಕಾಗಿ ಒಂದು ಮಹಾಮೊಬೈಲು ಸಿದ್ಧವಾಗುತ್ತಿದ್ದಿತು. ಅದನ್ನು ಉಕ್ಕಿನಲ್ಲಿ ಮಾಡಿದರೆ ಗಾಳಿಗೆ ಅಲುಗದಷ್ಟು ಭಾರವಾಗುತ್ತಿದ್ದುದರಿಂದ, ಜೇನುಹುಟ್ಟಿನಂತೆ ಒಳಗೆ ಟೊಳ್ಳಾದ ಅಲ್ಯೂಮಿನಿಯಂ ಹಲಗೆಗಳಲ್ಲಿ ರೂಪಿಸಿದರು. 1977ರಲ್ಲಿ ಅದು ತನ್ನ ಸ್ಥಾನವನ್ನು ಸೇರಿತು. ಅದಕ್ಕೆ ಮೋಟಾರಿಲ್ಲ, ಕಟ್ಟಡದೊಳಗಿನ ಗಾಳಿಯೇ ಅದನ್ನು ನಡೆಸುತ್ತದೆ. ಅದನ್ನು ಕಲ್ಪಿಸಿದವನು ಅದರ ಚಲನೆಯನ್ನು ಕಾಣಲಿಲ್ಲ.

ಫಿಲಡೆಲ್ಫಿಯಾ ನಗರದ ಒಂದೇ ರಾಜಮಾರ್ಗದಲ್ಲಿ ಈ ಮನೆತನದ ಮೂರು ತಲೆಮಾರುಗಳ ಕೃತಿಗಳನ್ನು ನೋಡಬಹುದು. ಒಂದು ತುದಿಯ ಗೋಪುರದ ಮೇಲೆ ಅಜ್ಜನ ಕಂಚಿನ ಪ್ರತಿಮೆಯಿದೆ. ನಡುವೆ ತಂದೆ ರಚಿಸಿದ ಕಾರಂಜಿಯಿದೆ. ಇನ್ನೊಂದು ತುದಿಯ ಕಲಾಭವನದಲ್ಲಿ ಮೊಮ್ಮಗನ ಬಿಳಿಯ ಮೊಬೈಲು ತೂಗುತ್ತಿದೆ. 2025ರಲ್ಲಿ ಅದೇ ಮಾರ್ಗದ ಬದಿಯಲ್ಲಿ ಅವನ ಕೃತಿಗಳಿಗೆಂದೇ ಒಂದು ಉದ್ಯಾನವೂ ತೆರೆಯಿತು. ಅಜ್ಜನ ಪ್ರತಿಮೆ ಗಾಳಿಮಳೆಗಳಿಗೆ ಅಲುಗದೆ ನಿಂತು ನಮ್ಮ ಗೌರವವನ್ನು ಪಡೆಯುತ್ತದೆ. ಮೊಮ್ಮಗನ ಶಿಲ್ಪವಾದರೋ, ಬಾಗಿಲು ತೆರೆದು ಒಳಗೆ ಬರುವವನೊಡನೆ ಸುಳಿಯುವ ಗಾಳಿಗೂ ಮೆಲ್ಲನೆ ತಿರುಗಿ ಅವನನ್ನು ಬರಮಾಡಿಕೊಳ್ಳುತ್ತದೆ.