ಗಿಡದ ಹೆಸರು ಬದಲಾಗಿದ್ದಕ್ಕೆ ಚರ್ಚಿನಲ್ಲಿ ಗಲಾಟೆ: ಬೈಬಲ್ ಅನುವಾದಿಸಿದ ಜೆರೋಮ್ ಬದುಕಿನ ಕಥೆ

ಸೆಪ್ಟೆಂಬರ್ 30ನ್ನು ಅಂತಾರಾಷ್ಟ್ರೀಯ ಅನುವಾದ ದಿನ ಅಂತ ಆಚರಿಸುತ್ತಾರೆ. 2017ರಲ್ಲಿ ವಿಶ್ವಸಂಸ್ಥೆಯೂ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ತಾರೀಖು ಯಾಕೆ ಅಂತ ಗೊತ್ತಿರುವವರು ಕಡಿಮೆ. ಬೈಬಲನ್ನು ಲ್ಯಾಟಿನ್ ಭಾಷೆಗೆ ತಂದ ಸಂತ ಜೆರೋಮ್ ತೀರಿಕೊಂಡ ದಿನ ಅದು. ಕ್ರಿ.ಶ. 420ರ ಮಾತು, ಅಂದರೆ ಸಾವಿರದ ಆರುನೂರು ವರ್ಷ ಆಯ್ತು. ಕಾಲ ಬುಡದಲ್ಲಿ ಸಿಂಹ ಮಲಗಿರುವ, ಎದುರಿಗೆ ಪುಸ್ತಕ ತೆರೆದಿಟ್ಟುಕೊಂಡ ಬಿಳಿ ಗಡ್ಡದ ಮುದುಕರ ಚಿತ್ರ ಎಲ್ಲಾದರೂ ಕಂಡಿದ್ದರೆ ಅವರು ಇವರೇ. ಸಿಂಹದ ಕಥೆ ಆಮೇಲೆ ಹುಟ್ಟಿಕೊಂಡಿದ್ದು. ನಿಜ ಬದುಕಿನಲ್ಲಿ ಅವರನ್ನು ಬಹಳ ವರ್ಷ ಕಾಡಿದ್ದು ಒಂದು ಗಿಡ. ಅದೂ ನಮ್ಮ ಕಡೆ ಹೊಲದ ಬದುವಿನಲ್ಲಿ ಬೆಳೆಯುವ ಗಿಡ.

ಜೆರೋಮ್ ಹುಟ್ಟಿದ್ದು ಸುಮಾರು 347ರಲ್ಲಿ, ಸ್ಟ್ರಿಡಾನ್ ಎಂಬ ಸಣ್ಣ ಊರಿನಲ್ಲಿ. ಈಗಿನ ಕ್ರೊಯೇಷಿಯಾ, ಸ್ಲೊವೇನಿಯಾ ಗಡಿ ಕಡೆ ಇತ್ತು ಆ ಊರು. ಮನೆಯಲ್ಲಿ ಅನುಕೂಲವಿತ್ತು, ಓದಲು ರೋಮ್‌ಗೆ ಕಳಿಸಿದರು. ಅಲ್ಲಿ ಲ್ಯಾಟಿನ್ ಸಾಹಿತ್ಯದ ರುಚಿ ಹತ್ತಿತು. ಸಿಸೆರೊ ಎಂಬ ಹಳೆಯ ವಾಗ್ಮಿಯ ಬರಹ ಅಂದರೆ ಪ್ರಾಣ. ಅದರ ಮುಂದೆ ಆ ಕಾಲದ ಲ್ಯಾಟಿನ್ ಬೈಬಲ್ ಒರಟು ಅನ್ನಿಸುತ್ತಿತ್ತು. ಸಿರಿಯಾ ಕಡೆ ಹೋದಾಗ ಜೋರು ಜ್ವರ ಬಂದು ಮಲಗಿದರು. ಆಗ ಒಂದು ಕನಸು. ದೇವರ ನ್ಯಾಯಾಲಯದಲ್ಲಿ ನಿಲ್ಲಿಸಿ, ನೀನು ಕ್ರೈಸ್ತನಲ್ಲ, ಸಿಸೆರೊನ ಕಡೆಯವನು ಅಂತ ಗದರಿಸಿ ಚಾಟಿಯಲ್ಲಿ ಹೊಡೆದ ಹಾಗೆ ಕಂಡರಂತೆ. ಎದ್ದ ಮೇಲೂ ಬೆನ್ನು ನೋಯುತ್ತಿತ್ತು ಅಂತ ಅವರೇ ಬರೆದುಕೊಂಡಿದ್ದಾರೆ.

ಅಲ್ಲಿಂದ ಕಾಲ್ಸಿಸ್ ಮರುಭೂಮಿಗೆ ತಪಸ್ಸಿಗೆ ಹೋದರು. ಮನಸ್ಸು ಹತೋಟಿಗೆ ಬರಲಿ ಅಂತ ಹೀಬ್ರೂ ಕಲಿಯಲು ಕೂತರು. ಯೆಹೂದ್ಯರಿಂದ ಕ್ರೈಸ್ತನಾದ ಒಬ್ಬ ಸನ್ಯಾಸಿ ಗುರು. ಲ್ಯಾಟಿನ್ ಕಿವಿಗೆ ಹೀಬ್ರೂ ಅಂದರೆ ಬರೀ ಏದುಸಿರು, ಬುಸುಗುಟ್ಟುವ ಸದ್ದು. ಎಷ್ಟೋ ಸಲ ಬೇಸತ್ತು ಬಿಟ್ಟರು, ಮತ್ತೆ ಹಿಡಿದರು. ಆಗಿನ ಕ್ರೈಸ್ತ ವಿದ್ವಾಂಸರಲ್ಲಿ ಹೀಬ್ರೂ ಬಲ್ಲವರು ಬೆರಳೆಣಿಕೆ. ಮುಂದೆ ಇದೇ ಅವರ ಬಲವೂ ಆಯ್ತು, ಜಗಳದ ಮೂಲವೂ ಆಯ್ತು.

382ರ ಹೊತ್ತಿಗೆ ಮತ್ತೆ ರೋಮ್‌ನಲ್ಲಿದ್ದರು. ಪೋಪ್ ಡಮಾಸಸ್ ಅವರ ಕಾಗದಪತ್ರ ನೋಡಿಕೊಳ್ಳುವ ಕೆಲಸ. ಆ ಕಾಲಕ್ಕೆ ಅಚ್ಚು ಎಲ್ಲಿತ್ತು? ಎಲ್ಲವೂ ಕೈಬರಹ. ಲ್ಯಾಟಿನ್ ಸುವಾರ್ತೆಗಳು ಒಂದೊಂದು ಊರಲ್ಲಿ ಒಂದೊಂದು ಥರ. ಬರೆಯುವವ ನಿದ್ದೆಗಣ್ಣಲ್ಲಿ ಒಂದು ಸಾಲು ಬಿಟ್ಟ, ಇನ್ನೊಬ್ಬ ತಿದ್ದುತ್ತೇನೆ ಅಂತ ಕೆಡಿಸಿದ. ಪ್ರತಿಗೊಂದು ಪಾಠ ಅನ್ನುವ ಸ್ಥಿತಿ. ಗ್ರೀಕ್ ಮೂಲಕ್ಕೆ ಹೋಲಿಸಿ ಒಂದು ಸರಿಯಾದ ಪ್ರತಿ ಮಾಡಿಕೊಡಿ ಅಂತ ಪೋಪ್ ಒಪ್ಪಿಸಿದರು. 384ರಲ್ಲಿ ನಾಲ್ಕು ಸುವಾರ್ತೆಗಳು ತಯಾರಾದವು. ಬಾಯಿಪಾಠವಾಗಿದ್ದ ಮಾತು ಬದಲಾದರೆ ಜನ ತನ್ನನ್ನೇ ಬೈಯುತ್ತಾರೆ ಅಂತ ಜೆರೋಮ್‌ಗೆ ಆಗಲೇ ಗೊತ್ತಿತ್ತು. ಮುನ್ನುಡಿಯಲ್ಲೇ ಅದನ್ನು ಬರೆದಿಟ್ಟರು.

ಅದೇ ವರ್ಷ ಪೋಪ್ ತೀರಿಕೊಂಡರು, ಆಸರೆ ಹೋಯ್ತು. ಜೆರೋಮ್ ನಾಲಿಗೆ ಮೊದಲೇ ಹರಿತ, ರೋಮ್‌ನ ಪಾದ್ರಿಗಳನ್ನು ಹೀಯಾಳಿಸಿ ಬರೆದು ಶತ್ರುಗಳನ್ನು ಕಟ್ಟಿಕೊಂಡಿದ್ದರು. 385ರಲ್ಲಿ ಊರು ಬಿಡಬೇಕಾಯ್ತು. ಪೌಲಾ ಎಂಬ ಸಿರಿವಂತ ವಿಧವೆ ಮತ್ತು ಆಕೆಯ ಮಗಳು ಯುಸ್ಟೋಕಿಯಂ ಅವರೂ ಪೂರ್ವಕ್ಕೆ ಹೊರಟರು. ಯೇಸು ಹುಟ್ಟಿದ ಬೆತ್ಲೆಹೇಮ್‌ನಲ್ಲಿ ನೆಲೆ ನಿಂತರು. ಮಠ ಕಟ್ಟಲು ದುಡ್ಡು ಹಾಕಿದ್ದು ಪೌಲಾ. ಕೀರ್ತನೆಗಳನ್ನು ಮೂಲದಲ್ಲೇ ಹಾಡಬೇಕು ಅಂತ ಹೀಬ್ರೂ ಕಲಿತ ಹೆಂಗಸು ಆಕೆ. ಜೆರೋಮ್ ಹೆಸರು ಹೇಳುವಾಗ ಈ ತಾಯಿ ಮಗಳ ಹೆಸರು ಬಿಟ್ಟರೆ ತಪ್ಪಾಗುತ್ತದೆ.

ಸುಮಾರು 390ರಿಂದ 405ರವರೆಗೆ, ಹದಿನೈದು ವರ್ಷ ಹಳೆಯ ಒಡಂಬಡಿಕೆಯ ಕೆಲಸ ನಡೆಯಿತು. ಬಾರಾನಿನಾಸ್ ಎಂಬ ಯೆಹೂದ್ಯ ಗುರು ತನ್ನ ಜನಕ್ಕೆ ಹೆದರಿ ರಾತ್ರಿ ಹೊತ್ತು ಬಂದು ಪಾಠ ಹೇಳುತ್ತಿದ್ದ. ಯೋಬನ ಗ್ರಂಥ ಅರ್ಥವಾಗದಿದ್ದಾಗ ಬೇರೆ ಊರಿನ ಪಂಡಿತನಿಗೆ ಸಾಕಷ್ಟು ಹಣ ತೆತ್ತರು. ತೊಬೀತನ ಪುಸ್ತಕದ್ದು ಇನ್ನೂ ಸ್ವಾರಸ್ಯ. ಅದು ಇದ್ದದ್ದು ಅರಮಾಯಿಕ್‌ನಲ್ಲಿ. ಎರಡೂ ಭಾಷೆ ಬಲ್ಲ ಒಬ್ಬ ಅದನ್ನು ಹೀಬ್ರೂಗೆ ಬಾಯಲ್ಲಿ ಹೇಳುತ್ತಾ ಹೋದ, ಜೆರೋಮ್ ಅದನ್ನೇ ಲ್ಯಾಟಿನ್‌ನಲ್ಲಿ ಹೇಳಿದರು, ಗುಮಾಸ್ತ ಬರೆದುಕೊಂಡ. ಒಂದೇ ದಿನದಲ್ಲಿ ಮುಗೀತು! ಇನ್ನು ಕೆಲವಕ್ಕೆ ಒಂದೊಂದು ಪದಕ್ಕೆ ದಿನಗಟ್ಟಲೆ ತಲೆ ಕೆಡಿಸಿಕೊಂಡರು.

ಇಷ್ಟು ಕಷ್ಟಪಟ್ಟವರ ಮೇಲೆ ಜನಕ್ಕೆ ಸಿಟ್ಟು ಯಾಕೆ? ಅಲ್ಲಿವರೆಗೆ ಕ್ರೈಸ್ತರು ಓದುತ್ತಿದ್ದ ಹಳೆಯ ಒಡಂಬಡಿಕೆ ಗ್ರೀಕ್ ಅನುವಾದ, ಇಲ್ಲವೇ ಅದರಿಂದ ಲ್ಯಾಟಿನ್‌ಗೆ ಇಳಿದದ್ದು. ಆ ಗ್ರೀಕ್ ಪಾಠಕ್ಕೆ ಸೆಪ್ಟುವಜಿಂಟ್ ಅಂತ ಹೆಸರು, ಎಪ್ಪತ್ತು ಜನರದ್ದು ಅಂತ ಅರ್ಥ. ಎಪ್ಪತ್ತೆರಡು ಹಿರಿಯರು ಬೇರೆ ಬೇರೆ ಕೋಣೆಯಲ್ಲಿ ಕೂತು ಅನುವಾದಿಸಿದರೂ ಒಂದಕ್ಷರ ವ್ಯತ್ಯಾಸ ಬರಲಿಲ್ಲ, ಅದು ದೇವರ ಪವಾಡ ಅನ್ನುವ ನಂಬಿಕೆ ಬೇರೂರಿತ್ತು. ಕ್ರಿಸ್ತನ ಶಿಷ್ಯರೂ ಆ ಪಾಠವನ್ನೇ ಬಳಸಿದ್ದರು. ಜೆರೋಮ್ ಮಾತ್ರ ಕೋಣೆಯ ಕಥೆಯನ್ನೇ ನಂಬಲಿಲ್ಲ. ಅವರು ಅನುವಾದಕರು, ಪ್ರವಾದಿಗಳಲ್ಲ ಅನ್ನುವುದು ಇವರ ವಾದ. ಮೂಲ ಹೀಬ್ರೂನಲ್ಲಿ ಇರುವಾಗ ಅಲ್ಲಿಂದಲೇ ತರಬೇಕು ಅಂದರು. ಬಾಲ್ಯದ ಗೆಳೆಯ ರುಫಿನಸ್ ಕೂಡ ತಿರುಗಿಬಿದ್ದು, ಯೆಹೂದ್ಯರ ಮಾತು ಕೇಳಿ ಶಾಸ್ತ್ರ ಕೆಡಿಸಿದ ಅಂತ ಆರೋಪ ಹೊರಿಸಿದ.

ಈಗ ಗಿಡದ ವಿಷಯ. ಪ್ರವಾದಿ ಯೋನನ ಕಥೆ ಹಲವರಿಗೆ ಗೊತ್ತು, ಮೀನಿನ ಹೊಟ್ಟೆಯಲ್ಲಿ ಮೂರು ದಿನ ಇದ್ದವನು. ಕಡೆಯಲ್ಲಿ ಆತ ನಿನೆವೆ ಪಟ್ಟಣದ ಹೊರಗೆ ಬಿಸಿಲಲ್ಲಿ ಕೂತಾಗ ದೇವರು ರಾತ್ರೋರಾತ್ರಿ ಒಂದು ಗಿಡ ಬೆಳೆಸಿ ನೆರಳು ಕೊಟ್ಟ. ಹೀಬ್ರೂನಲ್ಲಿ ಅದರ ಹೆಸರು ಕಿಕಾಯೋನ್. ಹಳೆಯ ಪಾಠದಲ್ಲಿ ಅದು ಸೋರೆ ಬಳ್ಳಿ. ಜೆರೋಮ್ ಅದನ್ನು ಐವಿ ಎಂಬ ಬಳ್ಳಿ ಅಂತ ಬದಲಾಯಿಸಿದರು.

403ರಲ್ಲಿ ಉತ್ತರ ಆಫ್ರಿಕಾದ ಹಿಪ್ಪೊ ಪಟ್ಟಣದ ಬಿಷಪ್ ಆಗಸ್ಟೀನ್ ಜೆರೋಮ್‌ಗೆ ಒಂದು ಪತ್ರ ಬರೆದರು. ಓಯಾ ಪಟ್ಟಣದಲ್ಲಿ, ಅಂದರೆ ಈಗಿನ ಲಿಬಿಯಾ ದೇಶದ ಟ್ರಿಪೊಲಿಯಲ್ಲಿ, ಅಲ್ಲಿನ ಬಿಷಪ್ ಚರ್ಚಿನಲ್ಲಿ ಹೊಸ ಅನುವಾದ ಓದಿಸಲು ಶುರು ಮಾಡಿದ್ದರು. ಯೋನನ ಕಥೆಯ ಒಂದು ಮಾತಿಗೆ ಬಂದಾಗ ಜನ ಎದ್ದುಬಿಟ್ಟರು. ತಲೆಮಾರುಗಳಿಂದ ಕೇಳಿ, ಹಾಡಿ ಬಂದದ್ದನ್ನು ತಿದ್ದಲು ಇವನ್ಯಾರು ಅಂತ ಗಲಾಟೆ. ಅದರಲ್ಲೂ ಗ್ರೀಕ್ ಮಾತಾಡುವವರದ್ದು ಜೋರು. ಬಿಷಪ್ ಊರಿನ ಯೆಹೂದ್ಯರನ್ನು ಕೇಳಿದರೆ, ಅವರೂ ಹಳೆಯದೇ ಸರಿ ಅಂದರು. ಕೊನೆಗೆ ಬಿಷಪ್ ತಪ್ಪಾಗಿದೆ ಅಂತ ತಿದ್ದಿ ಓದಿಸಬೇಕಾಯ್ತು. ಇಲ್ಲದಿದ್ದರೆ ಚರ್ಚಿಗೆ ಜನವೇ ಉಳಿಯುತ್ತಿರಲಿಲ್ಲ.

ಆಗಸ್ಟೀನ್ ಮಾತಿನಲ್ಲಿ ಒಂದು ವ್ಯವಹಾರದ ನ್ಯಾಯವೂ ಇತ್ತು. ಗ್ರೀಕ್ ಆದರೆ ಬಲ್ಲವರು ಎಲ್ಲ ಕಡೆ ಸಿಗುತ್ತಾರೆ, ಅನುಮಾನ ಬಂದರೆ ತೆಗೆದು ನೋಡಬಹುದು. ಹೀಬ್ರೂ ಬಲ್ಲವರು ಎಲ್ಲಿ? ಜಗಳ ಬಂದರೆ ತೀರ್ಮಾನ ಯಾರದ್ದು? ಸಂತೆಯಲ್ಲಿ ಎಲ್ಲರಿಗೂ ಗೊತ್ತಿರುವ ತೂಕದ ಕಲ್ಲು ಬಿಟ್ಟು, ಒಬ್ಬರ ಮನೆಯಲ್ಲಿ ಮಾತ್ರ ಇರುವ ಕಲ್ಲಿನಲ್ಲಿ ತೂಗಿದ ಹಾಗೆ. ಲ್ಯಾಟಿನ್ ಚರ್ಚು, ಗ್ರೀಕ್ ಚರ್ಚು ಬೇರೆಯಾಗಿಬಿಡುತ್ತವೆ ಅನ್ನುವ ಭಯವೂ ಅವರಿಗಿತ್ತು.

ಜೆರೋಮ್ ಸುಮ್ಮನಿರುವವರಲ್ಲ. ಆಗಸ್ಟೀನ್ ಬರೆದ ಹಳೆಯ ಪತ್ರವೊಂದು ಇವರ ಕೈ ಸೇರುವ ಮೊದಲೇ ರೋಮ್‌ನಲ್ಲೆಲ್ಲ ಓಡಾಡಿ ಮೊದಲೇ ಮನಸ್ಸು ಕೆಟ್ಟಿತ್ತು. ಗಿಡದ ವಿಚಾರ ಹೊಸದೂ ಅಲ್ಲ. ಅದಕ್ಕೂ ಮುಂಚೆ ರೋಮ್‌ನಲ್ಲಿ ಒಬ್ಬ ಇದೇ ತಗಾದೆ ತೆಗೆದಿದ್ದಾಗ, ಸೋರೆ ಹೋಗಿ ಐವಿ ಬಂದರೆ ಕದ್ದು ಕುಡಿಯಲು ಬುರುಡೆ ಎಲ್ಲಿ ಸಿಗುತ್ತದೆ ಅಂತ ಆತನಿಗೆ ಚಿಂತೆ ಇರಬೇಕು ಎಂದು ಕುಟುಕಿದ್ದರು. ಸೋರೆಬುರುಡೆ ಕಂಡ ನಮ್ಮ ಹಿರಿಯರಿಗೆ ಈ ಚುಚ್ಚುಮಾತು ಬಿಡಿಸಿ ಹೇಳಬೇಕಾಗಿಲ್ಲ.

ಆಗಸ್ಟೀನ್‌ಗೆ ಬರೆದ ಉತ್ತರದಲ್ಲಿ ಮಾತ್ರ ಗಿಡದ ಲಕ್ಷಣವನ್ನೇ ಬಿಡಿಸಿಟ್ಟರು. ದ್ರಾಕ್ಷಿ ಎಲೆ ಥರ ಅಗಲ ಎಲೆ, ದಟ್ಟ ನೆರಳು, ಹಬ್ಬಲು ಕೋಲು ಬೇಡ, ತನ್ನ ಕಾಂಡದ ಮೇಲೆ ತಾನೇ ನಿಲ್ಲುತ್ತದೆ, ಬೇಗ ಬೆಳೆಯುತ್ತದೆ. ಓದುತ್ತಿದ್ದ ಹಾಗೇ ನಮ್ಮ ಕಡೆಯವರಿಗೆ ಗೊತ್ತಾಗುತ್ತದೆ, ಇದು ಹರಳು ಗಿಡ! ಔಡಲ ಅಂತಲೂ ಕರೆಯುವ, ಹರಳೆಣ್ಣೆ ತೆಗೆಯುವ ಗಿಡ. ಹಾಗಾದರೆ ಸೋರೆಯೂ ಸರಿಯಲ್ಲ, ಐವಿಯೂ ಸರಿಯಲ್ಲ. ಜೆರೋಮ್ ಅದನ್ನು ಮುಚ್ಚಿಡಲಿಲ್ಲ. ಹೀಬ್ರೂ ಹೆಸರನ್ನೇ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ, ಸೋರೆ ಅಂದರೆ ಹೀಬ್ರೂನಲ್ಲಿ ಇಲ್ಲದ್ದು ಹೇಳಿದಂತೆ, ಅದಕ್ಕೆ ಬೇರೆಯವರು ಹಾಕಿದ್ದ ಐವಿಯನ್ನೇ ಹಾಕಿದೆ ಅಂತ ಒಪ್ಪಿಕೊಂಡರು. ಸರಿಯಾದ ಪದ ಸಿಗದಾಗ ಹತ್ತಿರದ್ದು ಹಾಕಿ ಮುಂದೆ ಹೋಗುವ ಕಷ್ಟ ಅನುವಾದ ಮಾಡಿದವರಿಗೇ ಗೊತ್ತು.

ಕಡೆಯ ವರ್ಷಗಳು ಸುಖದ್ದಲ್ಲ. 404ರಲ್ಲಿ ಪೌಲಾ ತೀರಿಕೊಂಡರು. 410ರಲ್ಲಿ ರೋಮ್ ಲೂಟಿಯಾದ ಸುದ್ದಿ ಕೇಳಿ ಕುಸಿದರು. 416ರಲ್ಲಿ ಬೆತ್ಲೆಹೇಮ್ ಮಠಕ್ಕೇ ಜನ ನುಗ್ಗಿ ಬೆಂಕಿ ಇಟ್ಟರು. ಕಣ್ಣು ಮಂಜಾಗಿ, ದೀಪದ ಬೆಳಕಿನಲ್ಲಿ ಹೀಬ್ರೂ ಅಕ್ಷರ ಕಾಣುತ್ತಿರಲಿಲ್ಲ. ಯೆರೆಮೀಯನ ಗ್ರಂಥದ ವ್ಯಾಖ್ಯಾನ ಅರ್ಧಕ್ಕೇ ನಿಂತಿತು.

ಆಮೇಲೆ ಆಗಿದ್ದು ವಿಚಿತ್ರ. ಜನ ಹೊಸದು ಅಂತ ದೂಡಿದ ಅದೇ ಅನುವಾದ ನಿಧಾನಕ್ಕೆ, ನೂರಾರು ವರ್ಷ ಹಿಡಿದು, ಪಶ್ಚಿಮದ ಚರ್ಚಿನ ಬೈಬಲ್ ಆಯ್ತು. ವಲ್ಗೇಟ್ ಅಂತ ಹೆಸರು ಬಂತು. ಕೀರ್ತನೆಗಳಲ್ಲಿ ಮಾತ್ರ ಜನ ಸೋಲಲಿಲ್ಲ. ಹೀಬ್ರೂನಿಂದ ಮಾಡಿದ್ದನ್ನು ಬಿಟ್ಟು, ಗ್ರೀಕ್ ಆಧರಿಸಿ ಅವರೇ ಮೊದಲು ತಿದ್ದಿದ್ದನ್ನು ಹಾಡುತ್ತಾ ಉಳಿದರು. ನಾಲಿಗೆಗೆ ಹತ್ತಿದ ಹಾಡನ್ನು ಯಾವ ಪಂಡಿತ ಬದಲಿಸಲು ಸಾಧ್ಯ? ಸುಮಾರು 1455ರಲ್ಲಿ ಗುಟೆನ್‌ಬರ್ಗ್ ಜರ್ಮನಿಯಲ್ಲಿ ಅಚ್ಚು ಹಾಕಿದ ಬೈಬಲ್ ಕೂಡ ವಲ್ಗೇಟೇ. 1546ರಲ್ಲಿ ಕ್ಯಾಥೊಲಿಕ್ ಚರ್ಚು ಟ್ರೆಂಟ್ ಸಭೆಯಲ್ಲಿ ಇದನ್ನೇ ಅಧಿಕೃತ ಪಾಠ ಅಂತ ಸಾರಿತು. ಈಗ ಇದನ್ನು ತಿದ್ದುವವರು ಶಾಸ್ತ್ರ ಕೆಡಿಸುವವರಾದರು! ತಪ್ಪುಗಳಿಗೂ ಮರ್ಯಾದೆ ಬಂತು. ಮೋಶೆಯ ಮುಖ ಬೆಳಗಿತು ಅನ್ನಬೇಕಾದ ಕಡೆ ಜೆರೋಮ್ ಕೊಂಬು ಅಂತ ಅರ್ಥ ಬರುವ ಪದ ಹಾಕಿದ್ದರು. ಹೀಬ್ರೂನಲ್ಲಿ ಎರಡೂ ಒಂದೇ ಬೇರಿನ ಪದ. ಅದರಿಂದ ರೋಮ್‌ನಲ್ಲಿ ಮೈಕೆಲೆಂಜೆಲೊ ಕೆತ್ತಿದ ಮೋಶೆಯ ತಲೆ ಮೇಲೆ ಇವತ್ತಿಗೂ ಎರಡು ಕೊಂಬು.

ಜೆರೋಮ್ ಎತ್ತಿದ ಇನ್ನೊಂದು ಪ್ರಶ್ನೆ ನಮ್ಮೂರಿನ ಚರ್ಚುಗಳವರೆಗೂ ಬಂದಿದೆ. ಹೀಬ್ರೂನಲ್ಲಿ ಇಲ್ಲದ ತೊಬೀತ ಮೊದಲಾದ ಪುಸ್ತಕಗಳನ್ನು ಅವರು ಬೇರೆ ಸಾಲಿನಲ್ಲಿಟ್ಟಿದ್ದರು. ಕ್ಯಾಥೊಲಿಕ್ ಚರ್ಚು ಅವನ್ನು ಉಳಿಸಿಕೊಂಡಿತು, ಪ್ರೊಟೆಸ್ಟೆಂಟರು ಪಕ್ಕಕ್ಕಿಟ್ಟರು. ಅದಕ್ಕೇ ಒಬ್ಬರ ಬೈಬಲಿನಲ್ಲಿ 73 ಪುಸ್ತಕ, ಇನ್ನೊಬ್ಬರದ್ದರಲ್ಲಿ 66. 1943ರಲ್ಲಿ ಪೋಪ್ 12ನೇ ಪಿಯುಸ್, ಮೂಲ ಭಾಷೆಗಳನ್ನೇ ನೋಡಿ ಅನುವಾದಿಸುವ ಕೆಲಸಕ್ಕೆ ಬೆಂಬಲ ಕೊಟ್ಟರು. ಜೆರೋಮ್ ಹೇಳಿದ್ದೂ ಅದೇ ಆಗಿತ್ತು.

ಯೋನನ ಗಿಡದ ಕಥೆ ಇನ್ನೂ ಮುಗಿದಿಲ್ಲ. 1611ರ ಪ್ರಸಿದ್ಧ ಇಂಗ್ಲಿಷ್ ಬೈಬಲಿನಲ್ಲಿ ಅದು ಮತ್ತೆ ಸೋರೆ ಆಯ್ತು. ಈಚಿನ ಹಲವು ಇಂಗ್ಲಿಷ್ ಅನುವಾದಗಳು ಯಾಕೆ ತಂಟೆ ಅಂತ ಬರೀ ಗಿಡ ಅಂದು ಸುಮ್ಮನಾಗಿವೆ.